ಮಾತ್ರೆ ನುಂಗದ ನೇಕಾರ

“ಮುಟ್ಟಬೇಡೀಂಗಮ್ಮ! ಅದು ಚೌಡಮ್ಮನ ಸೀರೆ!”

ಬಾಗಿಲಲ್ಲಿ ನಿಂತಿದ್ದ ನಾಟಿ ವೈದ್ಯ ಅಂಗಪ್ಪನ್ ಕೂಗಿದ ಕೂಗಿಗೆ, ಮಗ್ಗದ ಮುಂದೆ ಕುಳಿತಿದ್ದ ಹೆಂಗಸರೆಲ್ಲ ಒಮ್ಮೆಲೇ ತಲೆಯೆತ್ತಿದರು. ರಾಧಮ್ಮ ಚಾಚಿದ ಕೈಯನ್ನು ಹಿಂದಕ್ಕೆಳೆಯಲಿಲ್ಲ. ಸೀರೆಯಿಂದ ಒಂದು ಬೆರಳಿನಷ್ಟು ಮೇಲೆ ಹಾಗೇ ನಿಲ್ಲಿಸಿದರು.

“ಮುಟ್ಟಲ್ಲ. ನೋಡ್ತೀನಿ. ಅಮ್ಮನವರ ಸೀರೆ ನೋಡಬಾರದು ಅಂತ ಎಲ್ಲೂ ಇಲ್ಲವಲ್ಲ?”

ಅಂಗಪ್ಪನ್ ಹೆಗಲ ಮೇಲಿನ ತುಂಡುಬಟ್ಟೆಯನ್ನು ಕೊಡವಿ ಮತ್ತೆ ಹಾಕಿಕೊಂಡ.

ಮಗ್ಗದ ಮರಕ್ಕೆ ಅರಿಶಿನ ಬಳಿದು ಕುಂಕುಮ ಇಟ್ಟಿದ್ದರು. ಕರ್ಪೂರ ಉರಿದು ನೆಲ ಕಪ್ಪಾಗಿತ್ತು. ಯಾರೋ ಎಳೆ ಮಗುವನ್ನು ತಂದು ಮಗ್ಗದ ಕೆಳಗೆ ಮಲಗಿಸಿ ಎತ್ತಿಕೊಂಡು ಹೋದರು. ಸೂಲೂರಿನ ಆಚೆಯ ಈ ನೇಕಾರರ ಬೀದಿಯಲ್ಲಿ ಇದು ಈಗ ಮಗ್ಗವಾಗಿ ಉಳಿದಿರಲಿಲ್ಲ, ಗುಡಿಯಾಗಿತ್ತು.

ಮಗ್ಗದ ಯಜಮಾನ, ಎಪ್ಪತ್ತು ದಾಟಿದ ರಾಮಲಿಂಗಂ, ಕಾಫಿ ಗಸಿಯಂಥ ರಕ್ತ ಕಾರಿಕೊಂಡು ಇಲ್ಲೇ ಕುಸಿದು ವಾರವಾಗಿತ್ತು. ಜನ್ಮದಲ್ಲಿ ಒಂದು ಮಾತ್ರೆ ನುಂಗದವರೆಂದು ಹೆಸರಾದ ಅವರ ರಕ್ತದಲ್ಲಿ ಕೀಲುನೋವಿನ ಮಾತ್ರೆಯ ಔಷಧಿ ಸಿಕ್ಕಿತ್ತು. ದಿನವೂ ದೋಸೆ ಹುಯ್ದು ಕೊಡುತ್ತಿದ್ದ ಸೊಸೆ ತಮಿಳ್‌ಸೆಲ್ವಿಯನ್ನು ಇವತ್ತು ಸಂಜೆ ಠಾಣೆಗೆ ಕರೆದೊಯ್ಯುವುದಾಗಿ ಎಸ್‌ಐ ಸೆಲ್ವಕುಮಾರ್ ಹೇಳಿ ಹೋಗಿದ್ದ.

ನಿವೃತ್ತ ಇನ್ಸ್‌ಪೆಕ್ಟರ್ ರಾಧಮ್ಮನನ್ನು ಕೊಯಮತ್ತೂರಿನಿಂದ ಇಲ್ಲಿಗೆ ಅಟ್ಟಿದವಳು ಅವರ ತಂಗಿಯ ಮಗಳು, ಡಾಕ್ಟರ್ ಶ್ರೀಜಾ. ರಾಮಲಿಂಗಂ ಮಲಗಿದ್ದುದು ಅವಳ ವಾರ್ಡಿನಲ್ಲೇ. “ಹೊಟ್ಟೆಯೊಳಗೆ ಆದ ಹುಣ್ಣು ನೋಡಿದ್ದೀನಿ ದೊಡ್ಡಮ್ಮ. ಅಷ್ಟು ಹುಣ್ಣು ಒಂದು ದಿನದಲ್ಲಿ ಆಗಲ್ಲ. ಯಾರೋ ತಿಂಗಳುಗಟ್ಟಲೆ ಕೊಟ್ಟಿದ್ದಾರೆ,” ಎಂದಿದ್ದಳು. ಕೊಟ್ಟವರು ಯಾರು ಎಂಬುದಕ್ಕೆ ಡಾಕ್ಟರಿಕೆಯಲ್ಲಿ ಉತ್ತರವಿರಲಿಲ್ಲ. ರಾಧಮ್ಮ ನಿನ್ನೆಯೇ ಬಂದು, ಸಂಜೆಯೆಲ್ಲ ಈ ಮನೆಯ ಜಗಲಿಯಲ್ಲಿ ಹೆಂಗಸರ ಎದುರು ಕೂತು, ಏನೂ ತಿಳಿಯದೆ ಎದ್ದು ಹೋಗಿದ್ದರು.

ರಾಧಮ್ಮ ಕನ್ನಡಕ ಏರಿಸಿಕೊಂಡು ಸೀರೆಯ ಮೇಲೆ ಬಗ್ಗಿದರು. ಮೊಣಕಾಲು ಕಟಕ್ಕೆಂದಿತು.

“ಅಂಗಪ್ಪನ್, ಸುತ್ತಿರೋದನ್ನ ಸ್ವಲ್ಪ ಬಿಚ್ಚಿ ತೋರಿಸ್ತೀರಾ? ನಾನು ಮುಟ್ಟಲ್ಲ, ನೀವೇ ಬಿಚ್ಚಿ.”

ಅಂಗಪ್ಪನ್ ಒಮ್ಮೆ ಸುತ್ತ ನೋಡಿದ. ಅವನ ಮೇಲೂ ಒಂದು ಅನುಮಾನದ ಕಣ್ಣಿತ್ತು. ರಾಮಲಿಂಗಂ ಬೆರಳುಗಳಿಗೆ ಎಣ್ಣೆ ತಿಕ್ಕುತ್ತಿದ್ದವನು ಅವನೇ. ಆದರೆ ಅವನ ಎಣ್ಣೆಯನ್ನು ಪರೀಕ್ಷೆಗೆ ಕಳಿಸಿದಾಗ ಎಣ್ಣೆ ಬಿಟ್ಟು ಅದರಲ್ಲಿ ಬೇರೇನೂ ಸಿಕ್ಕಿರಲಿಲ್ಲ. ಅವನು ಕೈ ಮುಗಿದು, ಬಟ್ಟೆ ಸುತ್ತಿದ್ದ ದಿಂಡನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸಿದ.

ಅರಿಶಿನ ಬಣ್ಣದ ರೇಷ್ಮೆ ಮಡಿಲಿಗೆ ಬಿದ್ದ ಬಿಸಿಲಿನಂತೆ ಬಿಚ್ಚಿಕೊಂಡಿತು.

ಮೊದಲಲ್ಲಿ ಐದು ವರ್ಷದ ಹಿಂದಿನ ನೇಯ್ಗೆ. ಆಗಲೇ ರಾಮಲಿಂಗಂ ಬೆರಳುಗಳು ಸೆಟೆಯತೊಡಗಿದ್ದವು. ಹೊಕ್ಕಿನ ಎಳೆಗಳು ಒಂದೆಡೆ ಬಿಗಿ, ಒಂದೆಡೆ ಸಡಿಲ. ಅಂಚು ಕುಡುಕನ ಹೆಜ್ಜೆಯಂತೆ ಒಳಗೂ ಹೊರಗೂ ಓಡಾಡಿತ್ತು. ಎರಡು ಕಡೆ ಎಳೆ ಕಿತ್ತು ಗಂಟು ಹಾಕಿದ್ದರು. ಆಮೇಲೆ ಒಂದು ಮಸುಕು ಗೆರೆ. ಅಲ್ಲಿ ನೇಯ್ಗೆ ನಿಂತುಹೋಗಿ ಮಗ್ಗ ವರ್ಷಗಟ್ಟಲೆ ಮುಸುಕು ಹೊದ್ದು ಕುಳಿತಿತ್ತು.

ಆ ಗೆರೆ ದಾಟಿದ ಕೂಡಲೇ ರಾಧಮ್ಮನ ಉಸಿರು ಹಿಡಿದುಕೊಂಡಿತು.

ಅದೇ ಮಗ್ಗ, ಅದೇ ರೇಷ್ಮೆ, ಅದೇ ಮುದುಕ. ಆದರೆ ಎಳೆಯ ಪಕ್ಕದಲ್ಲಿ ಎಳೆ ಹೀಗೆ ಕೂತಿತ್ತು ಎಂದರೆ ಎರಡರ ನಡುವೆ ಬೆಳಕೂ ನುಸುಳುವಂತಿರಲಿಲ್ಲ. ಅಂಚು ಚಾಕುವಿನಿಂದ ಕೊಯ್ದ ಹಾಗೆ ನೇರ. ಕೆಂಪು ಅಂಚಿನಲ್ಲಿ ಹಕ್ಕಿಗಳ ಸಾಲು. ಒಂದೊಂದು ಹಕ್ಕಿಯ ಕೊರಳೂ ಬೇರೆ ಬೇರೆ ಕಡೆಗೆ ತಿರುಗಿತ್ತು. ಬೆರಳ ತುದಿಯಿಂದ ಒಂದೊಂದೇ ಎಳೆ ಎತ್ತಿ ಇಳಿಸಿದರೆ ಮಾತ್ರ ಬರುವ ಕೆಲಸ ಅದು. ಇಪ್ಪತ್ತರ ಹುಡುಗನ ಕೈಯಲ್ಲೂ ಸುಲಭಕ್ಕೆ ಬರುವಂಥದ್ದಲ್ಲ.

ರಾಧಮ್ಮ ಪೊಲೀಸ್ ಕೆಲಸದಲ್ಲಿ ರಕ್ತದ ಕಲೆ ಓದಿದ್ದರು, ಟೈರಿನ ಗುರುತು ಓದಿದ್ದರು. ನೋವು ಒಬ್ಬ ಮನುಷ್ಯನನ್ನು ಬಿಟ್ಟು ಹೋದ ಜಾಗವನ್ನು ಹೀಗೆ ಕಣ್ಣಾರೆ ಕಂಡದ್ದು ಇದೇ ಮೊದಲು.

“ಇದು ಯಾವಾಗ ಶುರುವಾಯ್ತು?” ದನಿ ತಾನಾಗಿಯೇ ತಗ್ಗಿತ್ತು.

“ಪೊಂಗಲ್ ಕಳೆದ ಮೇಲೆ,” ಎಂದ ಅಂಗಪ್ಪನ್. ಅವನ ಕಣ್ಣಲ್ಲೂ ನೀರಿತ್ತು. “ಆಮಾ, ನಾನು ಎಣ್ಣೆ ತಿಕ್ಕಿದ್ದು ಹೌದು. ಆದ್ರೆ ನನ್ನ ಎಣ್ಣೆಗೆ ಇಷ್ಟು ಶಕ್ತಿ ಇಲ್ಲ ಅಂತ ನನಗೇ ಗೊತ್ತು. ಇದು ಅಮ್ಮನವರ ಕೆಲಸ.”

ಕೊನೆಯ ಒಂದು ಗೇಣು ಮತ್ತೆ ಸಡಿಲವಾಗಿತ್ತು. ಆದರೆ ಇದು ಹಳೆಯ ಸಡಿಲವಲ್ಲ. ಅಂಚು ನೇರವಾಗೇ ಇತ್ತು, ಹಕ್ಕಿಗಳೂ ಸರಿಯಾಗಿದ್ದವು. ಬಡಿತದಲ್ಲಿ ಮಾತ್ರ ಬಲವಿರಲಿಲ್ಲ. ಬೆರಳಿಗೆ ನೋವಿಲ್ಲ, ಮೈಯಲ್ಲಿ ರಕ್ತವಿಲ್ಲ. ಹೊಟ್ಟೆಯೊಳಗೆ ಹನಿಹನಿಯಾಗಿ ಸೋರುತ್ತಿದ್ದಾಗಲೂ ಆತ ನೇಯುತ್ತಲೇ ಇದ್ದರು.

*

ಹೊರಗೆ ಜಗಲಿಯ ಮೇಲೆ ಪಕ್ಕದ ಮನೆಯ ಸೆಲ್ಲಮ್ಮ ವೀಳ್ಯದೆಲೆಗೆ ಸುಣ್ಣ ಸವರುತ್ತ ಕುಳಿತಿದ್ದಳು. ರಾಧಮ್ಮ ಗೋಡೆ ಹಿಡಿದು ಪಕ್ಕದಲ್ಲಿ ಕುಳಿತರು.

“ಕಾಲುನೋವಾಮ್ಮ?”

“ಹೂಂ. ಮೊಣಕಾಲು ಸವೆದಿದೆ ಅಂತಾರೆ.”

“ನೀವೂ ಅಮ್ಮನವರ ಹತ್ರ ಬೇಡಿಕೊಳ್ಳಿ. ಈ ಮನೆಯಾಕೆ ಪಳನಿಯಮ್ಮ ಬೇಡಿಕೊಂಡ ಹಾಗೆ.”

“ಪಳನಿಯಮ್ಮ ಏನು ಬೇಡಿಕೊಂಡರು?”

ಸೆಲ್ಲಮ್ಮ ಎಲೆಯನ್ನು ಬಾಯಿಗಿಡುವುದನ್ನು ನಿಲ್ಲಿಸಿದಳು. ಊರಿಗೆಲ್ಲ ಗೊತ್ತಿರುವುದು ಈಕೆಗೆ ಗೊತ್ತಿಲ್ಲವೇ ಎಂಬಂತೆ ನೋಡಿದಳು.

“ಗಂಡನ ನೋವು ನನಗೆ ಕೊಡು ತಾಯಿ ಅಂತ. ಅಮ್ಮನವರು ಕೊಟ್ಟೇ ಬುಟ್ಟರು! ಆ ಯಪ್ಪನ ಬೆರಳು ಬಿಚ್ಚಿಕೊಂಡ ವಾರದಲ್ಲೇ ಇವಳ ಬೆರಳು ಮಡಚಿಕೊಂತು. ಮೊದಲು ಎರಡೆರಡು ಕೊಡ ನೀರು ಹೊತ್ತುಕೊಂಡು ಬರೋಳು ಅಮ್ಮ. ಈಗ ಒಂದು ಟಂಬ್ಲರ್ ಹಿಡಿಯಕ್ಕಾಗಲ್ಲ. ನಾನೇ ಕಣ್ಣಾರೆ ನೋಡ್ದೆ. ಅವರ ನೋವು ಹೊರಟುಹೋಗಿ ಇವಳ ಕೈಯಲ್ಲಿ ಕೂತುಕೊಂತು.”

ಸೆಲ್ಲಮ್ಮನ ತೋಳಿನ ಮೇಲೆ ರೋಮ ನಿಮಿರಿತ್ತು. ಹೇಳುವಾಗ ಅವಳು ಎಷ್ಟು ನಂಬಿ ಹೇಳಿದಳೆಂದರೆ, ಒಂದು ಕ್ಷಣ ರಾಧಮ್ಮನ ಮೈಯೂ ಜುಮ್ಮೆಂದಿತು.

ಗಂಡನ ನೋವು ಹೆಂಡತಿಯ ಕೈಗೆ.

ಅವರು ಆ ಮಾತನ್ನು ಮನಸ್ಸಿನಲ್ಲಿ ಎರಡು ಸಲ ತಿರುಗಿಸಿ ನೋಡಿದರು. ಆಮೇಲೆ ನಿಧಾನವಾಗಿ ಎದ್ದರು.

ನೀರಿನ ತೊಟ್ಟಿಯ ಹತ್ತಿರ ತಮಿಳ್‌ಸೆಲ್ವಿ ಪಾತ್ರೆ ತೊಳೆಯುತ್ತಿದ್ದಳು. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಹೊಲಿಗೆ ಕೆಲಸ. ವಾರದಿಂದ ಕಂಪನಿ ಬಸ್ಸು ಹತ್ತಿರಲಿಲ್ಲ. ಆಸ್ಪತ್ರೆಗೂ ಹೋಗಿರಲಿಲ್ಲ, ಗಂಡ ಕುಮರೇಶನ್ ಅವಳನ್ನು ಅಪ್ಪನ ಹತ್ತಿರ ಸುಳಿಯಬೇಡವೆಂದು ಹೇಳಿ, ತಾನೊಬ್ಬನೇ ಅಲ್ಲಿ ಕಾದಿದ್ದ.

“ಕಂಪನಿಯಲ್ಲಿ ಮೈಕೈ ನೋವಿಗೆ ಮಾತ್ರೆ ಕೊಡ್ತಾರಾ?”

“ಕೊಡ್ತಾರೆ. ಅಲ್ಲೇ ನೀರು ಕೊಟ್ಟು, ಅವರೆದುರೇ ನುಂಗಬೇಕು. ಎಸ್‌ಐಗೂ ಹೇಳಿದೆ. ಕೇಳಲಿಲ್ಲ.” ತಲೆ ಎತ್ತದೆ ಪಾತ್ರೆ ತಿಕ್ಕಿದಳು. “ಮಾವ ನನಗೆ ಅಪ್ಪನ ಥರ ಅಮ್ಮಾ. ಆದರೆ ಅದನ್ನ ಯಾರು ಕೇಳ್ತಾರೆ? ಬೀದಿಯವರೆಲ್ಲ ಉಗಿದ್ರು. ನನ್ನ ಗಂಡನೇ ಉಗಿದ್ರು.”

“ನಿಮ್ಮ ಅತ್ತೆ?”

ತಮಿಳ್‌ಸೆಲ್ವಿಯ ಕೈ ನಿಂತಿತು.

“ಅದೇ ಅಮ್ಮ ಗೊತ್ತಾಗ್ತಿಲ್ಲ. ಒಂದು ಮಾತು ಬೈಲಿಲ್ಲ. ಮುಖ ಮಾತ್ರ ನೋಡಲ್ಲ. ನಾನು ಊಟಕ್ಕೆ ಕೂತರೆ ತನ್ನ ತಟ್ಟೆಯ ಪಲ್ಯವನ್ನೂ ನನಗೇ ಹಾಕಿ ಎದ್ದು ಹೋಗ್ತಾರೆ.”

ಗಂಡನಿಗೆ ವಿಷವಿಕ್ಕಿದವಳೆಂದು ಊರೇ ಉಗಿಯುತ್ತಿರುವಾಗ, ಉಗಿಯಬೇಕಾದ ಒಬ್ಬಳೇ ಹೆಂಗಸು ತನ್ನ ಪಲ್ಯ ಬಡಿಸುತ್ತಿದ್ದಾಳೆ. ಗಂಡ ಸಾವು ಬದುಕಿನ ನಡುವೆ ಇದ್ದರೂ, ಸೇರಿಸಿದ ದಿನ ಬಿಟ್ಟರೆ ಆಸ್ಪತ್ರೆಗೆ ಮತ್ತೆ ಕಾಲಿಟ್ಟಿಲ್ಲ.

ರಾಧಮ್ಮ ಅಡುಗೆಮನೆಯ ಬಾಗಿಲಿಗೆ ತಲೆ ತಗ್ಗಿಸಿ ಒಳಗೆ ಹೋದರು.

*

ಪಳನಿಯಮ್ಮ ಗ್ರೈಂಡರಿನ ಪಕ್ಕ ಗೋಡೆಗೆ ಒರಗಿ ಕುಳಿತಿದ್ದರು. ಮುಂದೆ ಒಂದು ಮೊರದಲ್ಲಿ ಮುಡಕ್ಕತ್ತಾನ್ ಸೊಪ್ಪು. ಕೀಲುನೋವಿಗೆ ಒಳ್ಳೆಯದೆಂದು ಈ ಕಡೆ ಮನೆಮನೆಯಲ್ಲೂ ದೋಸೆಹಿಟ್ಟಿಗೆ ರುಬ್ಬಿ ಹಾಕುವ ಸೊಪ್ಪು. ಬಿಡಿಸಲು ಆಗದೆ ಅದು ಅಲ್ಲೇ ಬಾಡುತ್ತಿತ್ತು.

ರಾಧಮ್ಮ ಎದುರಿಗೆ ನೆಲದ ಮೇಲೆ ಕುಳಿತುಕೊಳ್ಳಲು ಹೊರಟರು. ಒಂದು ಕೈ ಗೋಡೆಗೆ, ಒಂದು ಕೈ ಮೊಣಕಾಲಿಗೆ.

“ಮಣೆ ಹಾಕಿಕೊಳ್ಳಿ ಅಮ್ಮ,” ಎಂದು ಪಳನಿಯಮ್ಮ ಎದ್ದು ಮಣೆ ಸರಿಸಲು ನೋಡಿದರು. ಆಗಲಿಲ್ಲ. ಮಣೆ ಕೈಜಾರಿ ಬಿತ್ತು.

“ಕೈ ತೋರಿಸಿ.”

“ಏನೂ ಇಲ್ಲ ಬುಡೀಂಗ.”

“ತೋರಿಸಿ ಪಳನಿಯಮ್ಮಾ.”

ಗೆಣ್ಣುಗಳು ನೆಲ್ಲಿಕಾಯಿಯಷ್ಟು ಊದಿದ್ದವು. ಚರ್ಮ ಎಳೆದು ಹೊಳೆಯುತ್ತಿತ್ತು. ಮುಟ್ಟಿದರೆ ಬಿಸಿ.

“ಅಮ್ಮನವರು ಕೊಟ್ಟ ನೋವಂತೆ. ಸೆಲ್ಲಮ್ಮ ಹೇಳಿದಳು.”

ಪಳನಿಯಮ್ಮ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು.

“ಇದು ಪೊಂಗಲ್ ಆದಮೇಲೆ ಬಂದ ನೋವಲ್ಲ. ವರ್ಷಗಟ್ಟಲೆಯದು. ಅದನ್ನ ಒಂದು ಮಾತ್ರೆ ಹಿಡಿದಿಟ್ಟಿತ್ತು. ಪೊಂಗಲ್ ಆದಮೇಲೆ ನೀವು ಆ ಮಾತ್ರೆ ತಗೊಳ್ಳೋದು ಬಿಟ್ಟಿರಿ. ನಿಮ್ಮ ನೋವು ನಿಮಗೆ ವಾಪಸ್ಸು ಬಂತು. ಮಾತ್ರೆ ಎಲ್ಲಿಗೆ ಹೋಯ್ತು?”

ಒಲೆಯ ಮೇಲಿನ ನೀರು ಕುದಿಯುತ್ತಿತ್ತು. ಇಬ್ಬರೂ ಅದನ್ನು ಇಳಿಸಲು ಏಳಲಿಲ್ಲ.

“ಸಂಜೆಗೆ ನಿಮ್ಮ ಸೊಸೆಯನ್ನ ಎಳ್ಕೊಂಡು ಹೋಗ್ತಾರೆ,” ಎಂದರು ರಾಧಮ್ಮ. “ಅವಳ ತಟ್ಟೆಗೆ ಪಲ್ಯ ಹಾಕಿದರೆ ಆ ಋಣ ತೀರಲ್ಲ.”

ಪಳನಿಯಮ್ಮನ ಮುಖ ಒಂದೇ ಸಲಕ್ಕೆ ಒಡೆಯಿತು. ಅಳು ಬರಲಿಲ್ಲ, ದನಿ ಮಾತ್ರ ಸೀಳಿತು.

“ದೋಸೆಯಲ್ಲಿ ಹಾಕ್ದೆ. ಕುಟ್ಟಿ, ಪುಡಿ ಮಾಡಿ, ಆ ಸೊಪ್ಪಿನ ಹಿಟ್ಟಲ್ಲಿ ಕಲಸಿಟ್ಟೆ. ಕಹಿ ಅಂದ್ರು. ಸೊಪ್ಪಿನ ಕಹಿ ಅಂದೆ. ಆ ಪೆಣ್ಣಿಗೆ ಏನೂ ತೆರಿಯಾದು ಅಮ್ಮ, ಗೊತ್ತೇ ಇಲ್ಲ. ನಾನು ಕಲಸಿಟ್ಟದ್ದನ್ನ ಅವಳು ಹುಯ್ದಳು, ಅಷ್ಟೇ.”

“ಯಾಕೆ?”

“ಅವರು ಮಾತ್ರೆ ಮುಟ್ಟಲ್ಲ. ಅವರ ಅಪ್ಪ ಆಸ್ಪತ್ರೆಯಲ್ಲೇ ಹೋದರು. ಆವತ್ತಿಂದ ಇಂಗ್ಲಿಷ್ ಮಾತ್ರೆ ಬಾಯಿಗಿಡಲ್ಲ ಅಂತ ಆಣೆ. ನನಗೆ ಮೂಟ್ಟು ವಲಿಗೆ, ಈ ಕೀಲುನೋವಿಗೆ, ಡಾಕ್ಟರ್ ಬರೆದುಕೊಟ್ಟರಲ್ಲ, ನಾಲ್ಕೇ ದಿನಕ್ಕೆ ಕೈ ಸರಾಗ ಆಯ್ತು. ಅವರು ಮಗ್ಗದ ಪಕ್ಕದಲ್ಲಿ ಕೂತಿರೋರು. ಮುಸುಕಿನ ಮೇಲಿಂದಲೇ ಸೀರೆ ಸವರೋರು. ‘ಚೌಡಮ್ಮನಿಗೆ ಮಾತು ಕೊಟ್ಟು ಅರ್ಧಕ್ಕೆ ಬಿಟ್ಟೆ ಪಳನಿ’ ಅನ್ನೋರು. ನನ್ನ ಕೈ ಬಿಚ್ಚೈತೆ, ಆದ್ರೆ ನನ್ನ ಕೈಗೆ ನೇಯೋಕ್ಕೆ ಬರುತ್ತಾ? ಅವರ ಕೈ ತಾನೇ ಬಿಚ್ಚಬೇಕು?”

ಅವರು ಉಸಿರೆಳೆದುಕೊಂಡರು.

“ಒಂದು ದಿನ ಬೆಳಿಗ್ಗೆ ಇಲ್ಲೇ ಕೂತಿದ್ದೆ. ಲಾಳಿ ಸದ್ದು ಕೇಳಿಸ್ತು. ಮೊದಲು ಪಕ್ಕದ ಮನೆ ಅಂದ್ಕೊಂಡೆ. ಪಕ್ಕದ ಮನೆಯಲ್ಲಿ ಈಗ ಪವರ್‌ಲೂಮ್ ಅಲ್ಲವಾ, ಆ ಸದ್ದೇ ಬೇರೆ. ಹೋಗಿ ನೋಡಿದ್ರೆ ಅವರು ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತವ್ರೆ. ಮುಖದಲ್ಲಿ ನೀರು ಹರೀತಾ ಐತೆ. ಕೈ ಓಡ್ತಾ ಐತೆ. ಬೀದಿಯವರೆಲ್ಲ ಬಂದು ಬಾಗಿಲಲ್ಲಿ ನಿಂತರು. ಒಬ್ಬರೂ ಮಾತಾಡಲಿಲ್ಲ ಅಮ್ಮ. ಹಾಲು ಹಾಕೋನು ಕ್ಯಾನ್ ಇಳಿಸಿ ಕೈ ಮುಗಿದ. ನಾನೂ ಮುಗಿದೆ. ಹಾಕಿದ್ದು ನಾನೇ, ಆದ್ರೂ ಮುಗಿದೆ. ಒಂದು ಇಷ್ಟಗಲದ ಮಾತ್ರೆ ಒಬ್ಬ ಮನುಷ್ಯನ ಕೈಯನ್ನ ಹಾಗೆ ತಿರುಗಿ ಕೊಡುತ್ತೆ ಅಂದ್ರೆ, ಅದರಲ್ಲಿ ಅಮ್ಮನವರು ಇಲ್ಲದೆ ಇರ್ತಾರಾ?”

ಗೆರೆ ದಾಟಿದ ಮೇಲಿನ ಆ ನೇಯ್ಗೆಯನ್ನು ರಾಧಮ್ಮನೂ ಆಗಷ್ಟೇ ಉಸಿರು ಹಿಡಿದು ನೋಡಿ ಬಂದಿದ್ದರು.

“ಅಷ್ಟು ದಿನ ನಿಮ್ಮ ನೋವು?”

“ಲಾಳಿ ಸದ್ದು ಕೇಳ್ತಿದ್ದರೆ ನನ್ನ ನೋವು ಕೇಳಿಸ್ತಿರಲಿಲ್ಲ.”

ತಪ್ಪಿತಸ್ಥರ ಮುಂದೆ ಕುಳಿತಾಗ ಬರುವ ಗಡಸು ರಾಧಮ್ಮನ ದನಿಯಲ್ಲಿ ಈಗ ಇರಲಿಲ್ಲ. ಚೀಲದಿಂದ ತಮ್ಮ ಮಾತ್ರೆಯ ಪಟ್ಟಿಯನ್ನು ತೆಗೆದು ಇಬ್ಬರ ನಡುವೆ ನೆಲದ ಮೇಲಿಟ್ಟರು.

“ನನ್ನದೂ ಇದೇ ಜಾತಿ. ಮಾತ್ರೆ ವಿಷ ಅಲ್ಲ ಪಳನಿಯಮ್ಮಾ. ನಿಮಗೆ ಅಂತ ಅಳೆದು ಕೊಟ್ಟದ್ದು ಅವರಿಗೆ ಹೋಯ್ತು, ಅದು ತಪ್ಪಾಯ್ತು. ನನಗೆ ಇದನ್ನ ಬರೆಯೋ ಮುಂಚೆ ಶ್ರೀಜಾ ನನ್ನನ್ನೇ ಕಳ್ಳಿಯ ಥರ ವಿಚಾರಣೆ ಮಾಡಿದಳು. ಹೊಟ್ಟೆಯಲ್ಲಿ ಎಂದಾದರೂ ಹುಣ್ಣಾಗಿತ್ತಾ? ಬಿ.ಪಿ. ಇದೆಯಾ? ಹೃದಯದ ತೊಂದರೆ? ರಕ್ತ ತೆಳು ಮಾಡೋ ಮಾತ್ರೆ ತಗೊಳ್ತೀರಾ? ಕಿಡ್ನಿ ಹೇಗಿದೆ ಅಂತ ರಕ್ತ ತೆಗೆದು ನೋಡಿದಳು. ಅಷ್ಟಾದ ಮೇಲೆ, ನೋವು ತಡೆಯಕ್ಕಾಗದ ದಿನ ಮಾತ್ರ, ಊಟ ಆದಮೇಲೆ, ಸಾಕಾಗೋ ಅಷ್ಟೇ ಸಣ್ಣದು ಅಂದಳು. ಹೊಟ್ಟೆ ಕಾಯೋಕ್ಕೆ ಅಂತ ಇನ್ನೊಂದು ಕ್ಯಾಪ್ಸೂಲ್ ಬೇರೆ.”

ಪಳನಿಯಮ್ಮ ತಲೆಯೆತ್ತಿದರು.

“ನನಗೂ ಕೊಟ್ಟಿದ್ರು. ಆ ಕ್ಯಾಪ್ಸೂಲು.”

“ಅದನ್ನೂ ದೋಸೆಗೆ ಹಾಕಿದಿರಾ?”

“ಇಲ್ಲ... ಅದು ಗ್ಯಾಸಿಗೆ ಅಂದ್ಕೊಂಡೆ. ಅವರಿಗೆ ಗ್ಯಾಸ್ ಇಲ್ಲವಲ್ಲಾಂತ ಬುಟ್ಟೆ.”

ರಾಧಮ್ಮ ಕಣ್ಣು ಮುಚ್ಚಿ ತೆರೆದರು. “ಅವರಿಗೆ ಹೊಟ್ಟೆಯಲ್ಲಿ ಹುಣ್ಣು?”

ಪಳನಿಯಮ್ಮ ಮುಂದಿದ್ದ ಮೊರವನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿದರು.

“ವಯಸ್ಸಿನಲ್ಲಿ ಇತ್ತು. ನಮ್ಮ ಮದುವೆಯಾದ ಹೊಸದರಲ್ಲಿ. ಒಂದು ವರ್ಷ ಬರೀ ಮಜ್ಜಿಗೆ ಅನ್ನ ತಿಂದ್ರು.”

“ಆ ಒಂದು ಮಾತು ಡಾಕ್ಟರ ಕಿವಿಗೆ ಬಿದ್ದಿದ್ದರೆ, ಈ ಮಾತ್ರೆ ಅವರ ಹತ್ತಿರವೂ ಸುಳೀತಿರಲಿಲ್ಲ. ಕೈಗೆ ಬೇರೆ ದಾರಿ ಹುಡುಕ್ತಿದ್ದರು. ದಾರಿ ಇದೆ ಪಳನಿಯಮ್ಮಾ, ಇಲ್ಲದೆ ಇಲ್ಲ.” ರಾಧಮ್ಮ ಮುಂದಕ್ಕೆ ಬಾಗಿ ಕೇಳಿದರು, “ಬಯಲಿಗೆ ಹೋದಾಗ ಕಪ್ಪಾಗಿ ಹೋಗ್ತಿದೆ ಅಂತ ಹೇಳಿದ್ದರಾ?”

“ಡಾಂಬರಿನ ಥರ ಅಂದ್ರು. ಸೊಪ್ಪು ತಿಂತೀರಲ್ಲ, ಅದಕ್ಕೆ ಅಂದೆ. ಕಾಲು ಊದಿತ್ತು. ಕುಣಿಯಲ್ಲಿ ಇಳಿಬಿಟ್ಟು ಕೂತದ್ದಕ್ಕೆ ಅಂದೆ.” ಊದಿದ ಬೆರಳುಗಳಿಂದ ಬಾಯಿ ಮುಚ್ಚಿಕೊಂಡರು. “ಎಲ್ಲಾದಕ್ಕೂ ನಾನೇ ಉತ್ತರ ಹೇಳ್ದೆ ಅಮ್ಮ. ಒಂದನ್ನೂ ಕೇಳಲಿಲ್ಲ.”

“ಯಾವಾಗ ಗೊತ್ತಾಯ್ತು ನಿಮಗೆ?”

“ಆಸ್ಪತ್ರೆ ಬಾಗಿಲಲ್ಲೇ. ‘ನೋವಿನ ಮಾತ್ರೆ ಏನಾದರೂ ತಗೊಂಡ್ರಾ’ ಅಂತ ನರ್ಸಮ್ಮ ಕೇಳಿದರು. ಕುಮರೇಶ ‘ಇಲ್ಲವೇ ಇಲ್ಲ’ ಅಂದ. ನಾನು ಸುಮ್ಮನೆ ನಿಂತೆ. ಆಮೇಲೆ ಅವರ ಮುಂದೆ ಹೋಗೋ ಧೈರ್ಯ ಬರಲಿಲ್ಲ. ಹೇಳಿದ್ರೆ ಸೀರೆ ಸುಳ್ಳಾಗುತ್ತೆ. ಆ ಜನ ಎಲ್ಲ ಅಲ್ಲಿ ಕರ್ಪೂರ ಹಚ್ಚುತ್ತಾ ಅವರೆ... ಅವರ ಆಣೆ ನಾನೇ ಮುರಿದೆ ಅಂತ ಅವರಿಗೆ ತಿಳಿಯುತ್ತೆ. ದಿನಾ ಬೆಳಿಗ್ಗೆ ಇವತ್ತು ಹೇಳ್ತೀನಿ ಅಂತ ಏಳ್ತೀನಿ.”

“ಎಷ್ಟು ಹಾಕ್ತಿದ್ದಿರಿ?”

“ದಿನಕ್ಕೆ ಒಂದು. ನನಗೆ ಎರಡು ಬರೆದಿದ್ರು. ಅವರಿಗೆ ಒಂದೇ ಸಾಕು ಅಂತ ಒಂದೇ ಹಾಕ್ದೆ. ಇನ್ನೊಂದನ್ನ ಅವರಿಗೇ ಮುಂದಕ್ಕೆ ಬೇಕಾಗುತ್ತೇಂತ ಎತ್ತಿಟ್ಟೆ. ಚೌಡಮ್ಮನಾಣೆ ಒಂದೇ.”

ಹಿತ್ತಲ ಬಾಗಿಲಲ್ಲಿ ಪಾತ್ರೆ ಬಿದ್ದ ಸದ್ದಾಯಿತು.

ತಮಿಳ್‌ಸೆಲ್ವಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ಎಂದು ಮುಖ ನೋಡಿದರೆ ತಿಳಿಯುತ್ತಿತ್ತು.

ಪಳನಿಯಮ್ಮ ಏಳಲು ಹೋದರು, ಆಗಲಿಲ್ಲ. ಕೂತಲ್ಲಿಂದಲೇ ಸೊಸೆಯ ಕಾಲಿನ ಕಡೆಗೆ ಕೈ ಚಾಚಿದರು. “ಕಣ್ಣು... ನಿನ್ನ ತಲೆ ಮೇಲೆ ಬಿದ್ದದ್ದನ್ನ ನೋಡ್ತಾ ಕೂತೆ ಕಣ್ಣು...”

ತಮಿಳ್‌ಸೆಲ್ವಿ ಆ ಕೈ ಕಾಲಿಗೆ ತಾಗಲು ಬಿಡಲಿಲ್ಲ. ಒಂದು ಗಳಿಗೆ ಅವಳು ಬೆನ್ನು ತಿರುಗಿಸಿ ಹೊರಟುಹೋಗುವಳೆಂದೇ ರಾಧಮ್ಮನಿಗೆ ಅನ್ನಿಸಿತು. ಅವಳ ದವಡೆ ಬಿಗಿದಿತ್ತು. ಆದರೆ ಅವಳು ಕುಕ್ಕರಗಾಲಲ್ಲಿ ಕುಳಿತು ಅತ್ತೆಯ ಎರಡೂ ಕೈಗಳನ್ನು ಎತ್ತಿ ತನ್ನ ಮಡಿಲಲ್ಲಿಟ್ಟುಕೊಂಡಳು. ಬಿಸಿಯಾದ ಗೆಣ್ಣುಗಳನ್ನು ನೋಡಿದಳು.

“ಇಷ್ಟು ಊದಿರೋ ಕೈಯಲ್ಲಿ ಹೆಂಗೆ ಕುಟ್ಟಿದ್ರಿ ಅತ್ತೆ?” ಎಂದಳು. ಅಷ್ಟೇ. ಆಮೇಲೆ ಅವಳು ಅತ್ತಳು, ಪಳನಿಯಮ್ಮನೂ ಅತ್ತರು.

ರಾಧಮ್ಮ ಎದ್ದು ಒಲೆ ಆರಿಸಿದರು. ಮಗ್ಗದ ಮನೆಯಿಂದ ಹೆಂಗಸರು ಚೌಡಮ್ಮನ ಮೇಲೆ ಹಾಡುವುದು ಕೇಳುತ್ತಿತ್ತು. ಕನ್ನಡದ ಹಾಡು, ಓದಲು ಬಾರದವರ ಬಾಯಲ್ಲಿ ತಲೆಮಾರುಗಳಿಂದ ಉಳಿದು ಬಂದದ್ದು. ತಾನು ಈಗ ಆ ಜನರ ಮುಂದೆ ಹೋಗಿ ಏನು ಹೇಳಬೇಕು? ಪವಾಡ ನಡೆಯಲಿಲ್ಲ ಎಂದೇ? ನಡೆದದ್ದು ಸೀರೆಯ ಮೇಲೇ ಇದೆಯಲ್ಲ. ಒಬ್ಬ ಹೆಂಗಸು ತನ್ನ ಬೆರಳುಗಳ ಸುಖವನ್ನು ಕುಟ್ಟಿ ಗಂಡನಿಗೆ ಉಣಿಸಿದಳು. ಅದನ್ನು ಊರು ದೇವರೆಂದಿತು, ಪೊಲೀಸರು ವಿಷವೆಂದರು.

ಮೊದಲು ಸೆಲ್ವಕುಮಾರನಿಗೆ ಹೇಳಿ ಈ ಹುಡುಗಿಯನ್ನು ಬಿಡಿಸಬೇಕು. ಅವರು ಫೋನು ಕೈಗೆ ತೆಗೆದುಕೊಂಡರು. ಅಷ್ಟರಲ್ಲಿ ಅದೇ ಮೊಳಗಿತು.

ಶ್ರೀಜಾ.

“ಶ್ರೀಜಾ, ಸಿಕ್ತು. ಹೆಂಡತಿ ಕೊಟ್ಟದ್ದು. ತನ್ನ ಮಾತ್ರೆಯನ್ನ. ಪ್ರೀತಿಯಿಂದ ಕಣೇ, ಗೊತ್ತಿಲ್ಲದೆ. ದಿನಕ್ಕೆ ಒಂದೇ ಒಂದು—”

“ದೊಡ್ಡಮ್ಮ, ಒಂದು ನಿಮಿಷ ಕೇಳಿ.” ಆ ಕಡೆಯ ದನಿ ಏದುಸಿರಿನಲ್ಲಿತ್ತು. “ಅವರ ಮಾತ್ರೆ ಯಾವುದು? ಪಟ್ಟಿಯ ಮೇಲಿನ ಹೆಸರು ಓದಿ.”

ತಮಿಳ್‌ಸೆಲ್ವಿ ಗೋಡೆಯ ಗೂಡಿನಿಂದ ಅತ್ತೆಯ ಮಾತ್ರೆಯ ಪಟ್ಟಿ ತಂದುಕೊಟ್ಟಳು. ರಾಧಮ್ಮ ಓದಿದರು.

“ಡೈಕ್ಲೊಫೆನಾಕ್. ಸರಿ, ಅದು ಸಿಕ್ಕಿತ್ತು. ಆದರೆ ಮೊದಲು ಬಂದ ವರದಿ ಅರ್ಧ ಮಾತ್ರ ದೊಡ್ಡಮ್ಮ. ಪೂರ್ತಿ ವರದಿ ಈಗ ಬಂತು. ಸೇರಿಸಿದ ದಿನದ ರಕ್ತದಲ್ಲೇ ಇನ್ನೊಂದು ಔಷಧಿಯೂ ಇದೆ. ಇಂಡೊಮೆಥಾಸಿನ್. ಅದೂ ಕೀಲುನೋವಿನದೇ, ಹೊಟ್ಟೆಗೆ ಇದಕ್ಕಿಂತ ಕೆಟ್ಟದ್ದು. ಇಂಥ ಎರಡನ್ನ ಒಟ್ಟಿಗೆ ಯಾವ ಡಾಕ್ಟರೂ ಕೊಡಲ್ಲ. ಹೊಟ್ಟೆ ಹರಿದುಹೋಗುತ್ತೆ. ಹರಿದಿದೆ.”

“ಇನ್ನೊಬ್ಬರು ಕೊಡ್ತಿದ್ದರು ಅಂತೀಯಾ?”

“ಕೊಡ್ತಿದ್ದರು ಅಲ್ಲ. ಕೊಡ್ತಿದ್ದಾರೆ. ಎರಡು ದಿನ ಸುಧಾರಿಸಿದ್ದರಲ್ಲ, ಇವತ್ತು ಬೆಳಿಗ್ಗೆ ಮತ್ತೆ ರಕ್ತ ಕಾರಿದರು. ಅನುಮಾನ ಬಂದು ಬೆಳಗಿನ ರಕ್ತವನ್ನೂ ತುರ್ತಾಗಿ ನೋಡಿಸಿದೆ. ಡೈಕ್ಲೊಫೆನಾಕ್ ಇಲ್ಲ. ಎರಡನೆಯದು ಇದೆ. ಅದು ಒಂದು ದಿನಕ್ಕಿಂತ ಜಾಸ್ತಿ ರಕ್ತದಲ್ಲಿ ನಿಲ್ಲಲ್ಲ ದೊಡ್ಡಮ್ಮ. ನನ್ನ ವಾರ್ಡಿನೊಳಗೇ ಯಾರೋ ಬಂದು ಕೊಟ್ಟು ಹೋಗಿದ್ದಾರೆ.”

ಮಗ್ಗದ ಮನೆಯ ಹಾಡು ನಿಂತಿತ್ತು.

“ಕುಮರೇಶನ್?”

“ನನಗೂ ಮೊದಲು ಹಾಗೇ ಅನ್ನಿಸ್ತು. ರೋಗಿಗೇ ಕೇಳಿದೆ. ಎಚ್ಚರ ಇದ್ದಾರೆ, ಮಾತು ಸ್ಪಷ್ಟ ಇದೆ. ಮಾತ್ರೆ ಯಾರು ಕೊಟ್ಟರು ಅಂದೆ. ‘ನಾನು ಜನ್ಮದಲ್ಲಿ ಮಾತ್ರೆ ನುಂಗಿಲ್ಲ’ ಅಂದರು. ಮತ್ತೆ ಬಾಯಿಗೆ ಏನು ಹಾಕಿಕೊಂಡಿರಿ ಅಂತ ಕೇಳಿದೆ.”

“ಏನಂದರು?”

“‘ಪ್ರಸಾದ’ ಅಂದರು. ‘ಅವಳನ್ನ ಏನೂ ಅನ್ನಬೇಡಿ. ನನ್ನ ಕೈಯನ್ನ ನನಗೆ ತಿರುಗಿ ಕೊಟ್ಟವಳು ಅವಳು. ನಿನ್ನೆ ಸಂಜೆ ನನ್ನ ಮಂಚದ ಹತ್ರ ನಿಂತು ಅವಳ ಕೈಯಾರೆ ಕೊಟ್ಟಳು. ಇವತ್ತೂ ಬರ್ತಾಳೆ’ ಅಂತ. ಹೇಳುವಾಗ ನಗ್ತಿದ್ದರು ದೊಡ್ಡಮ್ಮ.”

“ಬಾಗಿಲಲ್ಲಿ ಆಳು ನಿಲ್ಲಿಸು. ನಾನು ಬರೋವರೆಗೂ ಯಾರ ಕೈಯಿಂದಲೂ ಒಂದು ತೊಟ್ಟು ನೀರೂ ಬೇಡ.”

ಫೋನು ಇಟ್ಟು ರಾಧಮ್ಮ ತಿರುಗಿದರು. ಗ್ರೈಂಡರಿನ ಪಕ್ಕ ಅತ್ತೆ, ಸೊಸೆ ಇಬ್ಬರೂ ಒಬ್ಬರ ಕೈಯನ್ನೊಬ್ಬರು ಹಿಡಿದು ಅವರನ್ನೇ ನೋಡುತ್ತಿದ್ದರು. ಆ ಮನೆಯಲ್ಲಿ ಇದ್ದ ಹೆಂಗಸರು ಇಬ್ಬರೇ.

ಮತ್ತು ನಿನ್ನೆ ಸಂಜೆ ದೀಪ ಹಚ್ಚುವ ಹೊತ್ತಿನವರೆಗೂ ಆ ಇಬ್ಬರೂ ಇದೇ ಮನೆಯ ಜಗಲಿಯಲ್ಲಿ, ರಾಧಮ್ಮನ ಕಣ್ಣೆದುರೇ ಕುಳಿತಿದ್ದರು.